ಕಂಬಿಯೊಳಗಿನ ಕುಂಬಳ

ಆ ಕಾಲದಲ್ಲಿ ನಮ್ಮೂರ ಶಾಲೆಗೆ ಕಾಂಪೌಂಡ್ ಇರಲಿಲ್ಲ. ಲೊಕ್ಕನಹಳ್ಳಿ ದಾಟಿ ಕಾಡಿನ ಕಡೆಗಿದ್ದ ಊರು. ಶಾಲೆ ಮುಗಿದ ಕಡೆ ಲಂಟಾನ ಪೊದೆ ಶುರು. ನಾನಾಗ ಎರಡನೇ ಕ್ಲಾಸು. ಮಳೆ ಬಿದ್ದ ಮೇಲೆ ಟೀಚರ್ ಜೊತೆ ಸೇರಿ ಕಿಟಕಿಯಾಚೆ ಮಣ್ಣು ಕೆದಕಿ, ಮನೆಯಿಂದ ತಂದ ಬೀಜ ಹಾಕಿದ್ದೆವು. ಅವರೆ, ಬದನೆ, ಒಂದು ಸಿಹಿಗುಂಬಳ. ಕುಂಬಳದ ಬೀಜ ನನ್ನದು, ಹಾಗಾಗಿ ಬಳ್ಳಿಯೂ ನನ್ನದೇ ಎಂಬ ಜಂಬ.

ನಾಲ್ಕು ಎಲೆ ಬಿಡುವಷ್ಟರಲ್ಲಿ ಊರಿಗೆ ಚಿರತೆ ಬಂತು. ಒಂದು ಕರು ಹೋಯಿತು, ಆಮೇಲೆ ನಾಯಿಗಳು. ಊರವರು ಶಾಲೆಗೆ ಬಂದು ಕೂಗಾಡಿದರು. ಅಂದಿನಿಂದ ಬೆಳಗ್ಗೆ ನಮ್ಮನ್ನು ಒಳಗೆ ಕೂರಿಸಿ ಚಿಲಕ ಹಾಕಿದರೆ, ಸಂಜೆ ಅಪ್ಪಂದಿರು ದೊಣ್ಣೆ ಹಿಡಿದು ಬಂದಾಗಲೇ ತೆಗೆಯುತ್ತಿದ್ದುದು. ಆಟ ಒಳಗೆ, ಊಟ ಒಳಗೆ. ಸಾರಿನ ವಾಸನೆ, ಬೆವರಿನ ವಾಸನೆ ಒಂದಾಗಿ ಆ ಕೋಣೆಯಲ್ಲಿ ಉಸಿರು ಕಟ್ಟುತ್ತಿತ್ತು. ಒಂದಕ್ಕೆ ಹೋಗಲೂ ಅಡುಗೆಯ ಮಾದಕ್ಕ ಸೌದೆ ಹಿಡಿದು ಕಾವಲು ಬರಬೇಕು. ನನಗೆ ಚಿರತೆಗಿಂತ ಆ ಚಿಲಕದ ಮೇಲೆಯೇ ಸಿಟ್ಟು. ಕಿಟಕಿಯಾಚೆ ನಮ್ಮ ತೋಟ ಬಾಡುತ್ತಿತ್ತು.

"ನೀರ್ ಉಯ್ದು ಬತ್ತೀನಿ, ಬುಡು ಮಾದಕ್ಕಾ," ಎಂದು ಗೋಗರೆದೆ.

"ಕಿರುಬ ನಿನ್ನ ಕಚ್ಕಂಡ್ ಓದ್ರೆ ನಿಮ್ಮವ್ವಂಗೆ ನಾನೇನ್ ಏಳ್ಲಿ? ಸುಮ್ಗೆ ಕೂತ್ಕೊ," ಎಂದು ಗದರಿದಳು. ನಮ್ಮ ಕಡೆ ಚಿರತೆಗೆ ಕಿರುಬ ಎನ್ನುವುದು.

ಗದರಿದವಳೇ ಊಟವಾದ ಮೇಲೆ ಕೈತೊಳೆಯುವ ಬಕೆಟ್ಟನ್ನು ಕಿಟಕಿಯ ಹತ್ತಿರ ತಂದಿಟ್ಟಳು. ಅಂದಿನಿಂದ ಕಿಟಕಿ ಕಂಬಿಯ ಸಂದಿನಲ್ಲಿ ಕೈ ಚಾಚಿ ತೊಳೆದೆವು, ತಟ್ಟೆಯನ್ನೂ ತೊಳೆದೆವು. ದೂರವಿದ್ದ ಬದನೆ, ಅವರೆ ಒಣಗಿಹೋದವು. ಗೋಡೆಯ ಬುಡದಲ್ಲಿದ್ದ ಕುಂಬಳ ಮಾತ್ರ ನಮ್ಮ ಎಂಜಲು ನೀರು ಕುಡಿದು ಗೋಡೆ ಹತ್ತಿತು, ಕಂಬಿ ಹಿಡಿಯಿತು. ನಾವು ಹೊರಗೆ ಹೋಗಲಾಗದಿದ್ದರೆ ಅದೇ ಒಳಗೆ ಬಂತು. ಎರಡು ಕಂಬಿಗಳ ನಡುವೆ ಮಿಡಿ ಕಚ್ಚಿತು.

ಮಿಡಿಯನ್ನು ಬೆರಳು ಚಾಚಿ ತೋರಿಸಿದರೆ ಕೊಳೆತು ಉದುರುತ್ತದೆ, ಬೆರಳು ಮಡಚಿಯೇ ತೋರಿಸಬೇಕು. ನಮ್ಮ ಕಡೆ ಇದು ಯಾರಿಗೆ ತಾನೇ ಗೊತ್ತಿಲ್ಲ? ಶಾಲೆ ನೋಡಲು ಬಂದ ಸಾಹೇಬರಿಗೆ ಗೊತ್ತಿರಲಿಲ್ಲ. ನೆಟ್ಟಗೆ ಬೆರಳು ಚಾಚಿ "ಏನಿದು?" ಎಂದುಬಿಟ್ಟರು.

"ಬೆಟ್ಟು ಮಡುಚಿ ಸಾ! ಬೆಟ್ಟು!" ಎಂದು ಇಡೀ ಕ್ಲಾಸು ಕಿರುಚಿತು.

ಬೆರಳಿಗೆ ನಾವು ಬೆಟ್ಟು ಎನ್ನುತ್ತೇವೆಂದು ಅವರಿಗೇನು ಗೊತ್ತು? "ಬೆಟ್ಟವೇ? ಎಲ್ಲಿ?" ಎಂದು ಕಾಡಿನ ಕಡೆ ಕತ್ತೆತ್ತಿ ನೋಡಿದರು. ಟೀಚರ್ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನನಗೆ ಅಳು ಬಂತು. ನಮ್ಮ ಜೊತೆ ಇರಲು ಬಂದದ್ದು ಅದೊಂದೇ, ಅದೂ ಹೋದರೆ? ದಿನಾ ಬೆಳಗ್ಗೆ ಮೊದಲು ಹೋಗಿ ಅದನ್ನು ಮೂಸಿ ನೋಡುತ್ತಿದ್ದೆ.

ಕೊಳೆಯಲಿಲ್ಲ. ಉಬ್ಬಿತು. ಕಂಬಿಗಳ ನಡುವೆ ಸೊಂಟ ಹಿಸುಕಿಕೊಂಡು ಅರ್ಧ ಆಚೆ, ಅರ್ಧ ಈಚೆ. ಎಳೆದರೆ ಬಾರದು, ತಳ್ಳಿದರೆ ಹೋಗದು.

ಕೊನೆಗೆ ಚಿರತೆ ಬೋನಿಗೆ ಬಿತ್ತು. ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ನೋಡಲು ಓಡಿದರು. ಅದು ಬೋನಿನ ಮೂಲೆಗೆ ಒತ್ತಿಕೊಂಡಿತ್ತು, ಕಂಬಿಗೆ ತಿಕ್ಕಿ ತಿಕ್ಕಿ ಮೂತಿ ಗಾಯವಾಗಿತ್ತು. ಜನ ಬೆರಳು ಚಾಚಿ ತೋರಿಸುತ್ತಾ ನಗುತ್ತಿದ್ದರು. ದಿನಾ ನಾನು ಬೈಯುತ್ತಿದ್ದ ಪ್ರಾಣಿ. ಕೂಡಿಹಾಕಿದರೆ ಹೇಗಿರುತ್ತದೆಂದು ನನಗೂ ಗೊತ್ತಿತ್ತು.

"ಕಾಣ್ತಾ ಮಗಾ? ಎಲ್ಲದೆ ತೋರ್ಸು," ಎಂದರು ಅಪ್ಪ.

ನಾನು ಬೆರಳು ಮಡಚಿ ತೋರಿಸಿದೆ.

ಮಾರನೆಯ ದಿನ ಚಿಲಕ ತೆಗೆದರು. ಕುಂಬಳವನ್ನು ಮಾದಕ್ಕ ಕಂಬಿಯಲ್ಲೇ ಕೊಯ್ದು ಹುಳಿ ಮಾಡಿದಳು. ಅಂಥ ರುಚಿ ಮತ್ತೆ ಸಿಕ್ಕಿಲ್ಲ.

ಈಗ ನಾನು ಕೊಳ್ಳೇಗಾಲದಲ್ಲಿದ್ದೇನೆ. ನನ್ನ ಮಗಳ ಶಾಲೆಯಲ್ಲೂ ತೋಟವಿದೆ. ಮಾಲಿ ಬೆಳೆಸುತ್ತಾನೆ, ಮಕ್ಕಳು ಮುಟ್ಟದಂತೆ ಸುತ್ತ ತಂತಿ ಕಟ್ಟಿದ್ದಾರೆ. ಮೊನ್ನೆ ತಂತಿಯಾಚೆ ಇದ್ದ ಕುಂಬಳದ ಮಿಡಿಯನ್ನು ಅವಳು ಬೆರಳು ಚಾಚಿ ತೋರಿಸಿದಳು. ಮಡಚು ಎನ್ನಲು ಬಾಯಿ ತೆರೆದವಳು ಮಗಳ ಕೈ ಹಿಡಿದು ಮುಂದೆ ನಡೆದೆ. ಅವಳು ಹಾಕಿದ ಬೀಜವಲ್ಲ, ಅವಳು ಉಯ್ದ ನೀರಲ್ಲ. ಕೊಳೆತರೆ ಅವಳೇಕೆ ಅಳುತ್ತಾಳೆ?