ಎರಡು ಕೊಡ ಸಿಹಿನೀರು

ಮದುವೆಯಾದ ಹೊಸದರಲ್ಲಿ ನನಗೆ ನನ್ನ ಗಂಡನಿಗಿಂತ ಅವರ ಕೆಲಸದ ಬಗ್ಗೆಯೇ ಹೆಚ್ಚು ಕುತೂಹಲ. ಅವರು ಪುರಸಭೆ, ಪಂಚಾಯತಿಗಳ ಲೆಕ್ಕ ತಪಾಸಣೆ ಮಾಡುವ ಆಡಿಟರು. ಕಾಸರಗೋಡು ಕೇರಳಕ್ಕೆ ಸೇರಿದಾಗ ನಮ್ಮ ಕಡೆಯ ಎಷ್ಟೋ ನೌಕರರ ಹಾಗೆ ಅವರೂ ತಿರುವನಂತಪುರದ ಕಚೇರಿಗೆ ಬಂದರು, ಹಿಂದೆಯೇ ನಾನೂ ಬಂದೆ. ಸಂಜೆ ಅವರು ಕಾಫಿ ಲೋಟ ಹಿಡಿದು ಕೂತರೆ ಸಾಕು, ನನ್ನ ಪ್ರಶ್ನೆಗಳು ಶುರು.

"ಅಲ್ಲ, ಬೀದಿ ದೀಪದ ಎಣ್ಣೆ ಉರಿದೇ ಹೋಗಿರ್ತದೆ. ಅದರ ಲೆಕ್ಕ ನೀವು ಹೇಗೆ ನೋಡುವುದು?"

"ಬಿಲ್ಲು ಉಂಟು, ರಶೀದಿ ಉಂಟು, ಸಹಿ ಉಂಟು."

"ಸಹಿಯೇ ಸುಳ್ಳಾದರೆ?"

"ಎಂತ ಮಾರಾಯ್ತಿ, ಕಾಫಿ ಕುಡಿಲಿಕ್ಕಾದರೂ ಬಿಡ್ತೀಯಾ?"

ಇಷ್ಟು ಹೇಳಿ ಅವರು ಪೇಪರಿನ ಹಿಂದೆ ಅಡಗುತ್ತಿದ್ದರು. ಆದರೆ ಒಂದು ಮಾತು ಹೇಳಲೇಬೇಕು. ಲೆಕ್ಕ ನೋಡಲು ಹೋದ ಕಡೆ ಅವರು ಒಂದು ಲೋಟ ಚಹಾ ಸಹ ಮುಟ್ಟುತ್ತಿರಲಿಲ್ಲ. ಯಾರಾದರೂ ಬಾಳೆಗೊನೆ ತಂದು ಜಗಲಿಯಲ್ಲಿಟ್ಟರೆ, ಅದನ್ನು ಸೈಕಲ್ ಮೇಲೆ ಹೇರಿಸಿ ವಾಪಸು ಕಳಿಸಿದ ಮೇಲೆಯೇ ಸ್ನಾನಕ್ಕೆ ಹೋಗುವುದು. ನಾನೋ, ಗೊನೆ ಬೀದಿಯ ತಿರುವು ದಾಟುವವರೆಗೆ ಅದನ್ನೇ ನೋಡುತ್ತಾ ನಿಲ್ಲುತ್ತಿದ್ದೆ.

ಒಂದು ಬೇಸಿಗೆಯಲ್ಲಿ ಅವರಿಗೆ ಕೊಚ್ಚಿಯ ಕಡೆಯ ಒಂದು ಪುರಸಭೆಯ ಲೆಕ್ಕ ಬಂತು. ಯಾವ ಪುರಸಭೆ ಎಂದು ನಾನು ಹೇಳುವವಳಲ್ಲ. ಎರಡು ಮೂರು ತಿಂಗಳ ಕೆಲಸವೆಂದು ಹಿನ್ನೀರಿನ ದಡದಲ್ಲೇ ಒಂದು ಬಾಡಿಗೆ ಮನೆ ಮಾಡಿದೆವು. ಮನೆ ಚೆನ್ನಾಗಿತ್ತು. ಸುತ್ತ ಎಲ್ಲಿ ನೋಡಿದರೂ ಸಮುದ್ರ ಸೇರಿದ ಉಪ್ಪು ನೀರು, ಕುಡಿಯಲಿಕ್ಕೆ ಮಾತ್ರ ಒಂದು ಹನಿ ಇಲ್ಲ. ಆ ಓಣಿಗಳಿಗೆ ಇನ್ನೂ ನಲ್ಲಿ ಬಂದಿರಲಿಲ್ಲ. ಪುರಸಭೆಯವರು ಹೊಳೆಯ ಮೇಲ್ಭಾಗದ ಆಲುವಾದಿಂದ ದೊಡ್ಡ ದೋಣಿಗಳಲ್ಲಿ ಹೊಳೆಯ ನೀರು ತರಿಸಿ ದೋಣಿ ನಿಲ್ಲುವ ಕಡವಿನ ಟಾಂಕಿಗೆ ತುಂಬಿಸುತ್ತಿದ್ದರು. ನಾವು ಹೆಂಗಸರು ಅಲ್ಲಿ ಕೊಡ ಸಾಲಿಟ್ಟು ನಿಲ್ಲುವುದು.

ಹೋದ ಮರುದಿನದಿಂದಲೇ ನನ್ನ ತೊಗರಿಬೇಳೆ ಬೇಯುವುದನ್ನು ನಿಲ್ಲಿಸಿತು.

ತೆಂಗಿನ ಸಿಪ್ಪೆ ಉರಿಸಿ ಉರಿಸಿ ಸಾಕಾಯಿತು. ನೀರು ಕುದಿಯುತ್ತದೆ, ಬೇಳೆ ಮಾತ್ರ ಕಲ್ಲಿನ ಹರಳಿನ ಹಾಗೆ ತಳದಲ್ಲಿ ಕೂತಿರುತ್ತದೆ. ಹಳೇ ಬೇಳೆ ಕೊಟ್ಟಿದ್ದಾನೆಂದು ಅಂಗಡಿಯವನ ಹತ್ತಿರ ನನ್ನ ಅರೆಬೆಂದ ಮಲಯಾಳದಲ್ಲಿ ಜಗಳ ಮಾಡಿ ಬಂದೆ. ಆಮೇಲೆ ತಿರುವನಂತಪುರದಿಂದ ಡಬ್ಬಿಯಲ್ಲಿ ತಂದಿದ್ದ ಬೇಳೆ ಹಾಕಿ ನೋಡಿದೆ. ಅದೂ ಹಾಗೆಯೇ! ಅಲ್ಲಿ ಅರ್ಧ ಗಂಟೆಯಲ್ಲಿ ಬೆಣ್ಣೆಯಾಗುತ್ತಿದ್ದ ಬೇಳೆ ಅದು. ಪಾಪ ಅಂಗಡಿಯವನು.

ಪಕ್ಕದ ಮನೆಯ ಅಕ್ಕ, ಅಲ್ಲಿಯ ಮಾತಿನಲ್ಲಿ ಚೇಚಿ, ನನ್ನ ಗೋಳು ಕೇಳಿ ನಕ್ಕರು. "ಬೇಸಿಗೆಯಲ್ಲಿ ನೀರು ಸ್ವಲ್ಪ ಉಪ್ಪಾಗ್ತದೆ ಮಗಳೇ. ಎರಡು ಮಳೆ ಬರಲಿ, ಸರಿಹೋಗ್ತದೆ." ಅವರಿಗೆ ಅದು ಪ್ರತಿ ವರ್ಷದ ಸಂಗತಿ. ನನಗೆ ತಲೆಯಲ್ಲಿ ಹುಳ ಬಿಟ್ಟ ಹಾಗಾಯಿತು. ಆಲುವಾದ ನೀರಿನ ಸಿಹಿಯ ಬಗ್ಗೆ ಊರೆಲ್ಲ ಹೇಳುತ್ತದೆ. ಅದು ದೋಣಿಯಲ್ಲಿ ಬರುವಷ್ಟರಲ್ಲಿ ಉಪ್ಪಾಗುವುದು ಹೇಗೆ?

ರಾತ್ರಿ ಊಟದಲ್ಲಿ ಗಂಡನನ್ನು ಕೇಳಿದೆ. "ದೋಣಿಯ ಬಾಡಿಗೆ ಆಲುವಾದವರೆಗಿನದ್ದೇ," ಅಂದರು, ಹಲ್ಲಿಗೆ ಸಿಕ್ಕಿದ ಬೇಳೆಯನ್ನು ತಟ್ಟೆಯ ಅಂಚಿಗೆ ತೆಗೆದಿಡುತ್ತಾ. "ಎಷ್ಟು ದೋಣಿ, ಎಷ್ಟು ನೀರು, ಎಲ್ಲ ಬರೆದಿದ್ದಾರೆ. ನೀರಿನ ಓವರ್ಸಿಯರ್ ಸಹಿ ಹಾಕಿದ್ದಾರೆ."

"ರುಚಿ ನೋಡಿದ್ದೇವೆ ಅಂತ ಎಲ್ಲಿಯಾದರೂ ಬರೆದಿದ್ದಾರಾ?"

"ಹೋಗು ಮಾರಾಯ್ತಿ," ಎಂದು ನಕ್ಕರು. ನಕ್ಕರೇನೋ ಹೌದು, ಮರುದಿನ ಕಚೇರಿಯಲ್ಲಿ ತಮಾಷೆಗೆಂದು ಓವರ್ಸಿಯರಿಗೆ ಹೇಳಿದರಂತೆ, ನಿಮ್ಮೂರ ನೀರಿನಲ್ಲಿ ನಮ್ಮ ಬೇಳೆ ಬೇಯುವುದಿಲ್ಲ ಅಂತ ನನ್ನ ಹೆಂಡತಿಯ ದೂರು, ಎಂದು.

ಅದರ ಮಾರನೇ ಬೆಳಿಗ್ಗೆ, ಅವರು ಹೊರಟುಹೋದ ಮೇಲೆ, ಪುರಸಭೆಯ ಆಳೊಬ್ಬ ಎರಡು ಕೊಡ ನೀರು ತಂದು ಬಾಗಿಲಲ್ಲಿಟ್ಟ. ಸರತಿಯಲ್ಲಿ ನಿಲ್ಲುವುದು ಅಮ್ಮನಿಗೆ ಕಷ್ಟವಂತೆ, ಇನ್ನು ದಿನಾ ತಂದುಕೊಡುತ್ತಾನಂತೆ. ನನಗೋ, ಬಿಸಿಲಲ್ಲಿ ನಿಲ್ಲುವುದು ತಪ್ಪಿತಲ್ಲ ಎಂಬ ಸಂತೋಷ. ಈ ಊರವರು ಎಷ್ಟು ಒಳ್ಳೆಯವರಪ್ಪಾ ಅಂದುಕೊಂಡೆ. ಆವತ್ತು ಬೇಳೆಯೂ ಬೆಂದಿತು ನೋಡಿ! ಸೌಟು ತಾಗಿಸಿದರೆ ಕರಗಿತು. ಗಂಡ ಎರಡು ಸಲ ಸಾರು ಬಡಿಸಿಕೊಂಡರು. ಉರಿ ಜೋರು ಮಾಡಿದ್ದರಿಂದ ಬೆಂದಿತು ಎಂದು ನಾನು ಜಂಬ ಕೊಚ್ಚಿಕೊಂಡೆ. ಹೀಗೆ ಕೆಲವು ದಿನ ಸುಖವಾಗಿ ಕಳೆಯಿತು.

ಒಂದು ದಿನ ಚೇಚಿಗೂ ಒಂದು ಪಾತ್ರೆ ಸಾರು ಕೊಟ್ಟೆ. ಅವರಿಗೆ ಬಲು ಇಷ್ಟವಾಯಿತು. ಮಾಡುವ ಕ್ರಮ ಕೇಳಿಕೊಂಡು, ನನ್ನ ಡಬ್ಬಿಯಿಂದಲೇ ಒಂದು ಪಾವು ಬೇಳೆ ತೆಗೆದುಕೊಂಡು ಹೋದರು. ಮರುದಿನ ಮಧ್ಯಾಹ್ನ ಪಾತ್ರೆ ಹಿಡಿದು ಬಂದವರೇ ಸೊಂಟಕ್ಕೆ ಕೈಯಿಟ್ಟು ನಿಂತರು. "ಏನೋ ಒಂದನ್ನು ಮುಚ್ಚಿಟ್ಟಿದ್ದೀಯಲ್ಲ ನೀನು? ಬೆಳಗ್ಗಿನಿಂದ ಬೇಯಿಸ್ತಾ ಇದ್ದೇನೆ. ನೋಡು!"

ನೋಡಿದೆ. ಹರಳು ಹರಳು ಬೇಳೆ. ನನ್ನದೇ ಡಬ್ಬಿಯದ್ದು.

ನಾನು ಒಳಗೆ ಹೋಗಿ ನಮ್ಮ ಕೊಡದಿಂದ ಒಂದು ಲೋಟ ತಂದೆ. ಚೇಚಿಯ ಮನೆಯಿಂದ ಟಾಂಕಿಯ ನೀರು ಒಂದು ಲೋಟ ತರಿಸಿದೆ. ಎರಡನ್ನೂ ಇಬ್ಬರೂ ಕುಡಿದೆವು. ಟಾಂಕಿಯದ್ದು ಉಪ್ಪುಪ್ಪು, ನಮ್ಮದು ಸಿಹಿ. ಚೇಚಿ ನಮ್ಮ ಕೊಡಗಳನ್ನೊಮ್ಮೆ ನೋಡಿ, ಪಾತ್ರೆ ಎತ್ತಿಕೊಂಡು ಹೋಗಿಬಿಟ್ಟರು. ನನಗೆ ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು.

ಸಂಜೆ ಗಂಡನಿಗೆ ಎಲ್ಲ ಹೇಳಿದೆ. ಅವರು ಕೋಟು ಸಹ ಬಿಚ್ಚದೆ ಸೀದಾ ಕಡವಿಗೆ ಹೋದರು. ದೋಣಿ ಆಗ ತಾನೇ ಬಂದಿತ್ತಂತೆ. ಬೊಗಸೆಯಲ್ಲಿ ಹಿಡಿದು ಕುಡಿದು ನೋಡಿ, ಅಲ್ಲೇ ನಿಂತಿದ್ದ ಓವರ್ಸಿಯರನ್ನು ಕೇಳಿದರು, ಇದು ಎಲ್ಲಿಯ ನೀರು ಎಂದು. ಆಲುವಾದ್ದೇ ಸಾರ್, ದೋಣಿಯ ಹಲಗೆಯಲ್ಲಿ ಹಿನ್ನೀರು ಒಸರಿರಬೇಕು, ಎಂದನಂತೆ ಆ ಮನುಷ್ಯ. ದೋಣಿಯವರೂ ಹೌದು ಹೌದು ಎಂದು ತಲೆಯಾಡಿಸಿದರು. ಕೊನೆಗೆ ಓವರ್ಸಿಯರ್ ಹತ್ತಿರ ಬಂದು, ಬಹಳ ಮರ್ಯಾದೆಯಿಂದ, "ಸಾರ್‌ನ ಮನೆಗೆ ಒಳ್ಳೆಯ ನೀರೇ ಬರ್ತಾ ಉಂಟಲ್ಲ?" ಎಂದು ಕೇಳಿದನಂತೆ.

ಮನೆಗೆ ಬಂದ ಗಂಡನ ಮುಖ ನೋಡಲಾಗುತ್ತಿರಲಿಲ್ಲ. ಆ ವರ್ಷ ಅವರಿಗೆ ಬಡ್ತಿ ಬರುವುದಿತ್ತು. ಚಹಾ ಮುಟ್ಟದವರಿಗೆ ನಾನು ದಿನಾ ಪುರಸಭೆಯ ನೀರಿನಲ್ಲಿ ಸಾರು ಮಾಡಿ ಬಡಿಸಿದ್ದೆ.

"ಬರೆಯಲಿಕ್ಕೆ ಎಂತದೂ ಇಲ್ಲ," ಎಂದರು. "ಕಾಗದ ಎಲ್ಲ ಸರಿಯಾಗಿ ಉಂಟು. ಸಾಕ್ಷಿ ಹೇಳುವವರು ಒಬ್ಬರೂ ಇಲ್ಲ. ಮೇಲಾಗಿ ನಾವೇ ಅವನ ನೀರು ಕುಡಿದ ಮೇಲೆ ಯಾವ ಮುಖ ಇಟ್ಟುಕೊಂಡು ಬರೆಯುವುದು?"

ಬಾಗಿಲ ಪಕ್ಕದ ಆ ಕೊಡಗಳು ಕಣ್ಣಿಗೆ ಬಿದ್ದವು. ನನಗೆ ಮೈಯೆಲ್ಲ ಉರಿಯಿತು.

"ಅಲ್ಲ, ಎಲ್ಲ ದೋಣಿಯೂ ಆಲುವಾದಿಂದಲೇ ಬರುವುದಾದರೆ, ನಮಗೆ ಬೇರೆ ನೀರು ಯಾಕೆ ಕಳಿಸಿದ ಅವನು? ಒಳ್ಳೆಯ ನೀರು ಯಾವುದು, ಕೆಟ್ಟದ್ದು ಯಾವುದು ಅಂತ ಅವನಿಗೆ ಗೊತ್ತುಂಟು ಅಂತಲೇ ಆಯಿತಲ್ಲ? ನಾವು ಕುಡಿದದ್ದನ್ನೇ ಬರೆಯಿರಿ!"

ಅವರು ಕೊನೆಗೂ ಕೋಟು ಬಿಚ್ಚಿ ಗೂಟಕ್ಕೆ ತೂಗುಹಾಕಿದರು. ಆಮೇಲೆ, "ಬರೆದರೆ ಮೊದಲು ಬೀಳುವುದು ನನ್ನ ಮೇಲೆ. ಗೊತ್ತುಂಟಾ ನಿನಗೆ?" ಎಂದು ಕೇಳಿದರು.

ಗೊತ್ತಿರಲಿಲ್ಲ. ಸತ್ಯ ಬರೆದವರಿಗೆ ಏನೂ ಆಗುವುದಿಲ್ಲ ಎಂದು ವಾದಿಸಿದೆ. ಮರುದಿನ ಬಾಗಿಲಿಗೆ ಬಂದ ಕೊಡಗಳನ್ನು ವಾಪಸು ಕಳಿಸಿ, ನನ್ನ ಕೊಡ ತೆಗೆದುಕೊಂಡು ಟಾಂಕಿಯ ಹತ್ತಿರ ಹೋಗಿ ಸಾಲಿನ ಕೊನೆಯಲ್ಲಿ ನಿಂತೆ. ಚೇಚಿ ನೋಡಿದರು. ಸ್ವಲ್ಪ ಹೊತ್ತಾದ ಮೇಲೆ ತಮ್ಮ ಕೊಡವನ್ನು ಸರಿಸಿ ನನ್ನದಕ್ಕೆ ನೆರಳಿನಲ್ಲಿ ಜಾಗ ಮಾಡಿದರು.

ಗಂಡ ಬರೆದರು. ಆಡಿಟರನ ಮನೆಗೆ ಪ್ರತ್ಯೇಕವಾಗಿ ಒಳ್ಳೆಯ ನೀರು ಬಂದಿದೆ, ಆಡಿಟರನು ಅದನ್ನು ಬಳಸಿದ್ದಾನೆ ಎಂದೇ ವರದಿಯನ್ನು ಆರಂಭಿಸಿದರು. ತಿರುವನಂತಪುರದಲ್ಲಿ ಅವರ ಮೇಲಧಿಕಾರಿ ಆ ಸಾಲು ಹೊಡೆದುಹಾಕಿ ಎಂದು ಒಳ್ಳೆಯ ಮಾತಿನಲ್ಲೇ ಹೇಳಿದರಂತೆ. ಅದನ್ನು ಹೊಡೆದರೆ ಉಳಿದದ್ದಕ್ಕೆ ಆಧಾರವೇ ಇಲ್ಲ ಸಾರ್, ಎಂದು ಇವರು ಒಪ್ಪಲಿಲ್ಲ. ವಿಚಾರಣೆಯಾಯಿತು. ದೋಣಿಗಳು ಆಲುವಾದವರೆಗೆ ಹೋಗುತ್ತಲೇ ಇರಲಿಲ್ಲ. ಅರ್ಧ ದಾರಿಯ ಏಲೂರಿನ ಹತ್ತಿರ, ಬೇಸಿಗೆಯಲ್ಲಿ ಸಮುದ್ರದ ಉಪ್ಪು ಏರಿಬರುವಲ್ಲೇ, ತುಂಬಿಸಿಕೊಂಡು ತಿರುಗುತ್ತಿದ್ದವು. ನಮ್ಮ ಮನೆಯ ಎರಡು ಕೊಡ ಮಾತ್ರ ಬೇರೆ ಚಿಕ್ಕ ದೋಣಿಯಲ್ಲಿ ಆಲುವಾದಿಂದ ಬರುತ್ತಿತ್ತಂತೆ. ಉಳಿದ ಬಾಡಿಗೆಯನ್ನು ದೋಣಿಗಳ ಗುತ್ತಿಗೆದಾರನೂ ಓವರ್ಸಿಯರನೂ ಹಂಚಿಕೊಂಡಿದ್ದರು. ಹಣವನ್ನು ಓವರ್ಸಿಯರನಿಂದ ವಸೂಲಿ ಮಾಡಬೇಕೆಂದು ಆದೇಶವಾಯಿತು.

ಅದೇ ದಿನ ನನ್ನ ಗಂಡನಿಗೂ ಒಂದು ಕಾಗದ ಬಂತು. ತಪಾಸಣೆಗೆ ಹೋದ ಕಚೇರಿಯಿಂದ ಅನುಕೂಲ ಪಡೆದದ್ದಕ್ಕೆ ಎಚ್ಚರಿಕೆ. ಬಡ್ತಿ ಅವರ ಕೆಳಗಿನವರಿಗೆ ಹೋಯಿತು.

ನಾನು ಅಡುಗೆಮನೆಯಿಂದಲೇ ಕೂಗಾಡಿದೆ. "ಕದ್ದವರು ಯಾರು, ಶಿಕ್ಷೆ ಯಾರಿಗೆ? ಆ ನೀರು ಇಳಿಸಿಕೊಂಡದ್ದು ನಾನು. ನಿಮಗೆ ಗೊತ್ತೇ ಇರಲಿಲ್ಲ. ನನ್ನ ಹೆಸರು ಬರೆಯಬಾರದಿತ್ತಾ ನೀವು?"

ಅವರು ಕೈಕಾಲು ತೊಳೆದು ಬಂದು ಮಣೆಯ ಮೇಲೆ ಕೂತರು. "ನಿನ್ನ ಹೆಸರು ಯಾಕೆ ಬರೆಯುವುದು? ನಾನು ಆಡಿಟರ್ ಅಲ್ಲದಿದ್ದರೆ ನಿನ್ನ ಬಾಗಿಲಿಗೆ ಯಾರು ತರ್ತಿದ್ದರು ನೀರು?"

ಅಷ್ಟು ಸಿಟ್ಟಿನಲ್ಲಿಯೂ ನನಗೆ ಅವರ ಮೇಲೆ ಹೆಮ್ಮೆ ಉಕ್ಕಿ ಬಂತು. ಅದನ್ನು ಹೇಳಲಿಲ್ಲ. ಇನ್ನಷ್ಟು ಬೈದು, ಅನ್ನ ಬಡಿಸಿದೆ.