ಕಪ್ಪೆ ಅಂತಿದ್ದದ್ದನ್ನು ಕೊಪ್ಪ ಮಾಡಿದ ನಮ್ಮತ್ತಿಗೆ

ಮದ್ದೂರಿನ ಬಸ್ ನಿಲ್ದಾಣದಲ್ಲಿ ಹೊಸದಾಗಿ ಹಾಕಿದ ಕರೆಂಟಿನ ಬೋರ್ಡಿನಲ್ಲಿ ನಮ್ಮೂರು ಕೊಪ್ಪ ಹೋಗಿ ಕಪ್ಪೆ ಆಗಿತ್ತು. ಕೆಂಪಕ್ಷರದಲ್ಲಿ ಮೆರವಣಿಗೆ ಹೋದ ಹಾಗೆ ಹೋಗುತ್ತಿತ್ತು: ಕಪ್ಪೆ, ಕಪ್ಪೆ, ಕಪ್ಪೆ.

ನಮ್ಮತ್ತಿಗೆ ಮದ್ದೂರಲ್ಲೇ ಕಂಪ್ಯೂಟರ್ ಕಲಿಸುತ್ತಿದ್ದಳು. ದಿನಾ ಅಲ್ಲೇ ಬಸ್ಸಿಗೆ ಕಾಯುವವಳು. ನಿಲ್ದಾಣದವರಿಗೆ ಹೇಳಿದಳು. "ಬೋರ್ಡು ಬೆಂಗಳೂರಿಂದ ಬಂದದೆ, ನಮ್ ಕೈಲಿಲ್ಲ ಬುಡಿ" ಅಂದರು. ಒಂದು ಸಂಜೆ ಬಸ್ಸು ತಡವಾಯಿತು. ಅತ್ತಿಗೆ ಬೆಂಚಿನ ಮೇಲೆ ಕೂತು, ಮೊಬೈಲಿನಿಂದಲೇ ಬೋರ್ಡಿನ ಬೀಗ ಮುರಿದು, ಹೆಸರು ಸರಿಮಾಡಿ, ಬಸ್ಸು ಹತ್ತಿದಳು.

ಬೋರ್ಡು ತಾನಾಗಿ ಸರಿಹೋಯಿತು ಅಂತ ಯಾರೂ ನಂಬಲಿಲ್ಲ. ಮೊದಲು ದೂರು ಹೇಳಿದ್ದವಳು ಅತ್ತಿಗೆ ಒಬ್ಬಳೇ, ಅದರಿಂದಲೇ ಸಿಕ್ಕಿಬಿದ್ದಳು. ಮಂಡ್ಯದಿಂದ ಪೊಲೀಸ್ ಸಾಹೇಬರೊಬ್ಬರು ಮನೆಗೇ ಬಂದರು. ಹ್ಯಾಕರ್‌ಗಳ ಬಗ್ಗೆ ತರಬೇತಿ ಮುಗಿಸಿಕೊಂಡು ಆಗಷ್ಟೇ ಬಂದಿದ್ದವರು.

"ದುಡ್ಡಿಗೆ ಮಾಡಿದ್ರಾ?"

"ಇಲ್ಲ ಸಾ."

"ಯಾರ ಮೇಲಾದ್ರೂ ದ್ವೇಷ?"

"ಯಾರ್ ಮ್ಯಾಲೆ ಸಾ, ಕಪ್ಪೆ ಮ್ಯಾಲಾ?"

"ಹೆಸರು ಮಾಡೋಕೆ?"

ಅತ್ತಿಗೆ ಯೋಚಿಸಿದಳು. "ಊಂ ಸಾ. ಊರ್ ಹೆಸರು."

ಸಾಹೇಬರು ಪೆನ್ನು ಕೆಳಗಿಟ್ಟರು. ತರಬೇತಿಯಲ್ಲಿ ಇದನ್ನು ಹೇಳಿಕೊಟ್ಟಿರಲಿಲ್ಲವಂತೆ. ಕಾಫಿ ತಂದ ಅವ್ವ ಕೇಳಿದಳು, "ಸರಿ ಮಾಡ್ದೋಳ್ನ ಇಡ್ಕೊಂಡೋದ್ರೆ, ಕಪ್ಪೆ ಅಂತ ಬರ್ದೋನ್ನ ಏನ್ ಮಾಡೀರಿ?"

"ಅದಕ್ಕೆ ಸೆಕ್ಷನ್ ಇಲ್ಲ ಕಣಮ್ಮ" ಅಂದರು ಸಾಹೇಬರು, ಪಾಪ, ಬೇಜಾರಿನಿಂದಲೇ.

ಮಾರನೇ ದಿನ ಮಹಜರು. ಅಪರಾಧ ನಡೆಯುವ ಮುಂಚೆ ಬೋರ್ಡು ಹೇಗಿತ್ತೋ ಹಾಗೇ ತೋರಿಸಬೇಕು ಅಂದರು. ಹಳೇ ಹೆಸರಿಗೆ ತಿರುಗಿಸುವುದು ನಿಲ್ದಾಣದಲ್ಲಿ ಯಾರಿಗೂ ಬರಲಿಲ್ಲ. ಕೊನೆಗೆ ಪೊಲೀಸರ ಎದುರಿಗೇ ಅತ್ತಿಗೆ ಮತ್ತೆ ಕಪ್ಪೆ ಮಾಡಿಕೊಟ್ಟಳು. ಸಾಹೇಬರು ಥ್ಯಾಂಕ್ಸ್ ಹೇಳಿ ಫೋಟೋ ತೆಗೆಸಿದರು. ಬೋರ್ಡು ಈಗ ಸಾಕ್ಷಿಯಾದ್ದರಿಂದ ಯಾರೂ ಮುಟ್ಟಕೂಡದು ಅಂತಾಯಿತು. ಕೇಸು ಬಿದ್ದುಹೋಗುವವರೆಗೂ ನಾವು ಕಪ್ಪೆ ಬಸ್ಸಲ್ಲೇ ಓಡಾಡಿದೆವು.

ಆಮೇಲೆ ಬೋರ್ಡು ಹಾಕಿದ ಕಂಪನಿಯವರು, ಮಂಡ್ಯ, ಮಳವಳ್ಳಿ, ಮದ್ದೂರಿನ ಬೋರ್ಡುಗಳ ಬೀಗ ಭದ್ರ ಮಾಡಿಕೊಡಿ ಅಂತ ಅತ್ತಿಗೆಯನ್ನೇ ಕರೆದರು. ಕೊರಳಿಗೆ ಗುರುತಿನ ಚೀಟಿ ಬಂತು. ಅಣ್ಣನ ಜೀವ ತಣ್ಣಗಾಯಿತು. ಅತ್ತಿಗೆ ಮಾತ್ರ ಮಂಕಾಗಿದ್ದಳು.

"ಯಾಕತ್ತಿಗೆ, ಈಗ ಎಲ್ಲಾ ಕಾನೂನು ಪ್ರಕಾರಾನೇ ಅಲ್ವಾ?" ಅಂದೆ.

"ಅದೇ ಕಣಮ್ಮ ರೋಗ" ಅಂದಳು. "ಮಂಡ್ಯದ ಬೋರ್ಡಲ್ಲಿ ಮಳವಳ್ಳೀನ ಮಳೆಹಳ್ಳಿ ಅಂತ ಬರ್ದವ್ರೆ. ತಿದ್ದೋಕೆ ಅನುಮತಿ ಕೇಳಿವ್ನಿ, ಬಂದಿಲ್ಲ. ಅದ್ರ ಮುಂದೆ ನಿಂತ್ಕಂಡ್ರೆ ಕೈಯೆಲ್ಲಾ ಕಡೀತದೆ."