ಕೈಮಾತಿನ ಮನೆಯಲ್ಲಿ ಚಾಪೆ ಮೇಡಂ

ಮಗು ಹುಟ್ಟಿದ ಮೊದಲ ಕೆಲವು ವರ್ಷಗಳಲ್ಲಿ ಅದಕ್ಕೂ ಅದರ ಮನೆಯವರಿಗೂ ಒತ್ತಾಸೆಯಾಗಿ ನಿಂತರೆ ಮುಂದಿನ ಎಷ್ಟೋ ಸಂಕಟಗಳನ್ನು ತಪ್ಪಿಸಬಹುದು ಎಂಬುದನ್ನು ಈಗ ಎಲ್ಲರೂ ಒಪ್ಪುತ್ತಾರೆ. ಈ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳದಿದ್ದ ಕಾಲದಲ್ಲಿ ಈ ಕ್ಷೇತ್ರಕ್ಕೆ ಕಾಲಿಟ್ಟು, ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಶಿಶುಕೇಂದ್ರದ ಮುಖ್ಯಸ್ಥೆಯನ್ನು ಸಹೋದ್ಯೋಗಿಗಳೂ ಪೋಷಕರೂ ಬಹುಕಾಲದಿಂದ 'ಚಾಪೆ ಮೇಡಂ' ಎಂದೇ ಕರೆಯುತ್ತ ಬಂದಿದ್ದಾರೆ. ಯಾರ ಮನೆಗೆ ಹೋದರೂ ಕುರ್ಚಿಯನ್ನು ನಯವಾಗಿ ಪಕ್ಕಕ್ಕೆ ಸರಿಸಿ, ಮಗುವಿನ ಕಣ್ಣಿಗೆ ಕಣ್ಣು ಸಮವಾಗುವಂತೆ ನೆಲದ ಮೇಲೆ ಚಾಪೆ ಹಾಸಿ ಕೂರುವ ಅವರ ಪದ್ಧತಿಯಿಂದ ಹುಟ್ಟಿದ ಹೆಸರಿದು. ಮೊದಮೊದಲು ಬೆನ್ನ ಹಿಂದೆ ಆಡುತ್ತಿದ್ದ ಈ ಹೆಸರು ಕ್ರಮೇಣ ಅವರೆದುರಿಗೇ ಕರೆಯುವ ಗೌರವದ ಹೆಸರಾಯಿತು.

ಅವರು ಸೇವೆಗೆ ಸೇರಿದಾಗ ಕೇಂದ್ರವೆಂದರೆ ಹಳೆಯ ಆರೋಗ್ಯ ಕಚೇರಿಯ ಹಿಂಬದಿಯ ಒಂದು ಕೋಣೆ. ನಡುವೆ ನಿಲ್ಲಿಸಿದ ಬೀರುವೇ ಗೋಡೆ. ಶಾಲೆಗೆ ಸೇರುವ ವಯಸ್ಸಿನಲ್ಲಿ, 'ಮೊದ್ದು' ಎಂಬ ಹಣೆಪಟ್ಟಿ ಹಚ್ಚಿಸಿಕೊಂಡ ಮೇಲಷ್ಟೇ ಮಕ್ಕಳು ಅಲ್ಲಿಗೆ ಬರುತ್ತಿದ್ದರು. ಇಷ್ಟು ತಡವಾಗಿ ಬರುವ ಮಕ್ಕಳನ್ನು ಕಾಯುತ್ತ ಕೂರುವುದು ಅವರಿಗೆ ಸರಿಬೀಳಲಿಲ್ಲ. ತಾವೇ ಮನೆಗಳಿಗೆ ಹೋಗುವುದಾಗಿ ಕೇಳಿಕೊಂಡಾಗ ಅಂದಿನ ಮೇಲಧಿಕಾರಿ ಹುಬ್ಬೇರಿಸಿದರು.

"ಮನೆಮನೆ ಸುತ್ತೋಕೆ ನಾವೇನು ಸೋಪು ಮಾರೋರಾ?"

"ಮಗು ಇಲ್ಲಿರೋದು ಒಂದು ಗಳಿಗೆ ಸಾರ್. ಮಿಕ್ಕಿದ್ದೆಲ್ಲ ಮನೇಲೇ ತಾನೆ?"

ಅಧಿಕಾರಿ ನಕ್ಕು ಒಪ್ಪಿಗೆ ಕೊಟ್ಟರು. ಹೀಗೆ ಆರಂಭವಾದ ಮನೆಭೇಟಿಗಳಲ್ಲಿ ಒಂದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳುವುದು ಉಚಿತ. ಮೇಡಂ ಅವರ ಮುಂದಿನ ಕೆಲಸಕ್ಕೆಲ್ಲ ದಿಕ್ಕು ತೋರಿಸಿದ್ದು ಆ ಮನೆಯೇ.

ಟೈರು ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಒಬ್ಬ ದರ್ಜಿ, ಅವನ ಹೆಂಡತಿ, ಎರಡು ವರ್ಷದ ಮಗಳು ಇದ್ದರು. ಗಂಡಹೆಂಡಿರಿಬ್ಬರಿಗೂ ಹುಟ್ಟಿನಿಂದ ಕಿವಿ ಕೇಳಿಸದು; ಬಾಗಿಲ ಗುಂಡಿ ಒತ್ತಿದರೆ ಒಳಗೆ ಗಂಟೆಯ ಬದಲು ಕೆಂಪು ದೀಪ ಮಿನುಗುತ್ತಿತ್ತು. ಮಗುವಿನ ಕಿವಿ ಮಾತ್ರ ಚುರುಕಾಗಿತ್ತು, ಆದರೆ ಬಾಯಿಂದ ಒಂದು ಮಾತೂ ಹೊರಟಿರಲಿಲ್ಲ. ದರ್ಜಿಯ ತಾಯಿ ಮೊಮ್ಮಗಳನ್ನು ವೈದ್ಯರಿಗೆ ತೋರಿಸಿದಾಗ, ಮಗುವಿನ ಕಿವಿಗೆ ದಿನವೂ ಮಾತು ಬೀಳಬೇಕು ಎಂದು ಅವರು ಹೇಳಿದರು. ಅಜ್ಜಿ ಅದಕ್ಕೆ ತಮ್ಮದೇ ಅರ್ಥ ಕಟ್ಟಿಕೊಂಡರು: ಮಗು ಈ ಮನೆಯಲ್ಲಿರಬಾರದು, ತನ್ನ ಜೊತೆಗಿರಬೇಕು.

ಮೇಡಂ ಆ ಮನೆಯ ಮೆಟ್ಟಿಲು ಹತ್ತಿದ ದಿನವೇ ಅಜ್ಜಿ ಮಗುವನ್ನು ಕರೆದೊಯ್ಯಲು ಬಂದಿದ್ದರು. ಬಟ್ಟೆ ತುಂಬಿದ ಚೀಲ ಬಾಗಿಲ ಬಳಿ ಸಿದ್ಧವಾಗಿತ್ತು. ವೈದ್ಯರು ಏನೆಂದರು, ಅಜ್ಜಿ ಏನು ತೀರ್ಮಾನಿಸಿದರು ಎಂಬುದನ್ನು ಮಗುವಿನ ತಾಯಿಗೆ ಯಾರೂ ತಿಳಿಸಿರಲಿಲ್ಲ. ಚೀಲ ನೋಡಿದ ಮೇಲೆ ತಿಳಿಸುವ ಅಗತ್ಯವೂ ಉಳಿದಿರಲಿಲ್ಲ. ಆಕೆ ಮಗುವನ್ನು ಮೊಣಕಾಲುಗಳ ನಡುವೆ ಅವುಚಿಕೊಂಡು ಗೋಡೆಗೆ ಒರಗಿ ಕುಳಿತಿದ್ದರು. ಮೇಡಂ ಎಂದಿನಂತೆ ಕೆಳಗೆ ಕುಳಿತರು. ಮೊದಲ ನೋಟಕ್ಕೆ ಅವರಿಗೂ ಅಜ್ಜಿಯ ವಾದ ಸರಿಯೆಂದೇ ತೋರಿತು.

ಅಷ್ಟರಲ್ಲಿ ಮಗು ತಾಯಿಯ ಗಲ್ಲ ಹಿಡಿದು ಮುಖವನ್ನು ತನ್ನತ್ತ ತಿರುಗಿಸಿಕೊಂಡಿತು. ಪುಟ್ಟ ಕೈಗಳು ಚಕಚಕನೆ ಆಡಿದವು. ತಾಯಿ ಕೈಯಲ್ಲೇ ಉತ್ತರಿಸಿ, ಕಿಟಕಿಯ ಮೇಲೆ ಒಣಗಲಿಟ್ಟಿದ್ದ ಪುಟ್ಟ ಬೂಟು ತಂದು ಅದರೊಳಗೆ ಮಗುವಿನ ಬೆರಳು ತೂರಿಸಿದರು. ಮಗು ಕಾಲು ಅಪ್ಪಳಿಸಿ ಮೊದಲಿನ ಸನ್ನೆಗಳನ್ನೇ ಇನ್ನಷ್ಟು ಜೋರಾಗಿ ಮಾಡಿತು. ಅಂಥ ಹೊತ್ತಿನಲ್ಲೂ ತಾಯಿಗೆ ನಗು ತಡೆಯಲಾಗಲಿಲ್ಲ.

ಮೇಡಂ ಅಜ್ಜಿಯ ಕಡೆ ತಿರುಗಿದರು. "ಅಮ್ಮಾ, ನೋಡಿದ್ರಾ? ನಿಮ್ಮ ಮೊಮ್ಮಗಳು ಈಗ ಜಗಳ ಆಡಿದ್ಲು."

"ಎಲ್ಲಿ ಜಗಳ? ಸುಮ್ನೆ ಕೈ ಆಡಿಸಿದ್ಲು."

"ಹೊರಗೆ ಹೋಗೋಣ ಅಂದ್ಲು. ಬೂಟು ಒದ್ದೆ ಅಂದ್ರು ಅವರಮ್ಮ. ಇರಲಿ, ಆದ್ರೂ ಹೋಗೋಣ ಅಂತ ಹಟ ಹಿಡಿದ್ಲು. ಇಷ್ಟು ವಯಸ್ಸಿನ ಮಗು ಇನ್ನೇನು ಮಾತಾಡ್ಬೇಕು? ಇವಳಿಗೆ ಒಂದು ಭಾಷೆ ಆಗ್ಲೇ ಬಂದಿದೆ. ಇಲ್ಲಿಂದ ಕರ್ಕೊಂಡು ಹೋದ್ರೆ ಅದೂ ನಿಂತುಹೋಗುತ್ತೆ, ತಾಯೀನೂ ತಪ್ಪಿಹೋಗ್ತಾಳೆ. ಅದರ ಬದಲು ನೀವೇ ಇಲ್ಲಿಗೆ ಬನ್ನಿ."

ಅಜ್ಜಿಯ ದನಿ ಸಣ್ಣದಾಯಿತು. "ಬಂದು ಯಾರ ಹತ್ರ ಮಾತಾಡ್ಲಿ? ನನ್ನ ಮಗನ್ನ ಐದು ವರ್ಷಕ್ಕೇ ಕಿವುಡರ ಶಾಲೆ ಹಾಸ್ಟೆಲ್‌ಗೆ ಹಾಕಿದ್ವಿ. ರಜಕ್ಕೆ ಬಂದಾಗ ಕೈಯಾಡಿಸೋನು, ನಮಗೆ ತಿಳೀತಿರಲಿಲ್ಲ. ಆಮೇಲೆ ಅವನೂ ಬಿಟ್ಟ. ಹೆತ್ತ ಮಗನ ಹತ್ರ ನಾನು ಇವತ್ತಿನವರೆಗೂ ನೆಟ್ಟಗೆ ಒಂದು ಮಾತಾಡಿಲ್ಲ, ತಾಯಿ. ಇವಳಾದ್ರೂ ನನ್ನ ಹತ್ರ ಮಾತಾಡ್ಲಿ ಅಂತ."

ಅಜ್ಜಿಯ ಹಟದ ಬುಡ ಎಲ್ಲಿದೆ ಎಂಬುದು ಮೇಡಂಗೆ ಆಗ ಕಂಡಿತು. ಅವರು ಸಮಾಧಾನದ ಮಾತೇನೂ ಆಡಲಿಲ್ಲ. "ಹಾಗಾದ್ರೆ ಕಲಿಯೋಣ," ಎಂದರು. "ಬೂಟು ಕಂಡಿದ್ದಕ್ಕೆ ಊಹೆ ಮಾಡಿದೆ ಅಷ್ಟೆ, ಈ ಕೈಮಾತು ನನಗೂ ಬರಲ್ಲ. ನಿಮ್ಮ ಸೊಸೇನೇ ಮೇಷ್ಟ್ರು."

"ಈ ವಯಸ್ಸಲ್ಲಿ ಸೊಸೆ ಕೈಲಿ ಪಾಠ ಹೇಳಿಸ್ಕೊಳ್ಳೋದಾ!"

ಅಂದುಕೊಂಡೇ ಅಜ್ಜಿ ಪಾಠಕ್ಕೆ ಕುಳಿತರು. ಆ ಚಳಿಗಾಲವೆಲ್ಲ ದರ್ಜಿಯ ಹೆಂಡತಿ ಈ ಇಬ್ಬರು ದೊಡ್ಡ ವಿದ್ಯಾರ್ಥಿನಿಯರ ಬೆರಳುಗಳನ್ನು ಹಿಡಿದು ತಿದ್ದಿದರು. ಕಿಟಕಿಯ ಬಳಿ ಕುಳಿತು ಬೀದಿಯಲ್ಲಿ ಹೋಗಿಬರುವವರನ್ನೆಲ್ಲ ಮಗುವಿಗೆ ಬಾಯಿಮಾತಿನಲ್ಲಿ ವರ್ಣಿಸುವುದು ಅಜ್ಜಿಯ ಪಾಲಿಗೆ ಬಂತು. ಆ ಕೆಲಸದಲ್ಲಿ ಅವರಿಗೆ ತರಬೇತಿಯ ಅಗತ್ಯ ಬೀಳಲಿಲ್ಲ. ಮೇಡಂ ಮಗುವನ್ನು ಕೇಂದ್ರದ ಆಟದ ಗುಂಪಿಗೂ ಸೇರಿಸಿದರು. ಒಂದೇ ಒಂದು ವಿಷಯದಲ್ಲಿ ಅವರು ಕಟ್ಟುನಿಟ್ಟಾಗಿದ್ದರು. ಮಗನಿಗೆ ಏನೋ ತಿಳಿಸಲು ಅಜ್ಜಿ ಮಗುವನ್ನು ಮುಂದೆ ಬಿಟ್ಟಾಗ, "ನೀವೇ ಹೇಳಿ. ಇವಳು ನಿಮಗೆ ಮೊಮ್ಮಗಳು, ದುಭಾಷಿ ಅಲ್ಲ," ಎಂದು ತಡೆದರು.

ಮಗುವಿನ ಬಾಯಿಂದ ಮೊದಲು ಹೊರಟ ಮಾತು 'ಬೇಡ' ಎಂಬುದು. ಅದು ಅಜ್ಜಿಗೇ ಹೇಳಿದ್ದು. ಅಜ್ಜಿ ಅದನ್ನು ಬಹುಮಾನ ಬಂದಂತೆ ಬೀದಿಗೆಲ್ಲ ಸಾರಿದರು. ಆದರೆ ಮೇಡಂ ಅವರ ಮನಸ್ಸಿನಲ್ಲಿ ಉಳಿದದ್ದು ಬೇರೊಂದು ದಿನ. ದರ್ಜಿ ತಾನೇ ಹೊಲಿದ ಹಳದಿ ಅಂಗಿ ತೊಟ್ಟು ಹೊರಟಿದ್ದ. ಅಜ್ಜಿ ಅವನನ್ನು ಅಡ್ಡಗಟ್ಟಿ, ಬೆರಳುಗಳನ್ನು ಒಂದೊಂದಾಗಿ ಹೊಂದಿಸಿಕೊಂಡು, ಅಂಗಿ ಚೆನ್ನಾಗಿಲ್ಲ, ತೋಳು ಗಿಡ್ಡವಾಗಿದೆ ಎಂದು ಕೈಯಲ್ಲಿ ಹೇಳಿದರು. ಅವನು ಮೊದಲು ಬೆರಗಾಗಿ ನಿಂತ. ಆಮೇಲೆ ಕಸುಬಿನ ಮಾನ ಕೆಣಕಿದಂತಾಗಿ ತಿರುಗಿ ವಾದಿಸಿದ. ಅಜ್ಜಿಯೂ ಬಿಡಲಿಲ್ಲ. ತಾಯಿಮಕ್ಕಳು ಜನ್ಮದಲ್ಲಿ ಮೊದಲ ಬಾರಿಗೆ ಜಗಳವಾಡಿದರು. ಮೇಡಂ ಚಪ್ಪಲಿ ಮೆಟ್ಟಿ ಸದ್ದಿಲ್ಲದೆ ಕೆಳಗಿಳಿದರು. ಟೈರು ಅಂಗಡಿಯ ಮುಂದೆ ನಿಂತು ಕಣ್ಣೊರೆಸಿಕೊಂಡರು. ಅಂಗಡಿಯವನು ಧೂಳು ಬಿದ್ದಿರಬೇಕೆಂದು ನೀರು ಕೊಟ್ಟ.

ಎಲ್ಲ ಮನೆಗಳಲ್ಲೂ ಹೀಗಾಗಲಿಲ್ಲ. ಎದುರಿಗೇ ಕದ ಹಾಕಿಕೊಂಡವರಿದ್ದರು, ಹೇಳದೆ ಊರು ಬಿಟ್ಟವರಿದ್ದರು. ಆದರೂ, ಮಗುವಿಗೆ ನೆರವಾಗಬೇಕಾದರೆ ಮನೆಯವರನ್ನು ಪಕ್ಕಕ್ಕೆ ಸರಿಸದೆ ಜೊತೆಗೆ ಕೂರಿಸಿಕೊಳ್ಳಬೇಕು ಎಂಬುದನ್ನು ಅವರು ಅಂದಿನಿಂದ ಬಿಡದೆ ಪಾಲಿಸಿದರು. ಕೆಳಗಿನವರಿಗೂ ಮೇಲಿನವರಿಗೂ ಬೇಸರವಿಲ್ಲದೆ ತಿಳಿಹೇಳಿದರು. ಇಂದು ನಮ್ಮ ಕೇಂದ್ರದಲ್ಲಿ ಅಜ್ಜಅಜ್ಜಿಯರಿಗೂ ಕೈಮಾತಿನ ತರಗತಿಯುಂಟು.

ನಿವೃತ್ತಿಯ ನಂತರವೂ ಆ ತರಗತಿಗೆ ಬರುವುದಾಗಿ ಮೇಡಂ ಒಪ್ಪಿದ್ದಾರೆ, ವಿದ್ಯಾರ್ಥಿನಿಯಾಗಿ. ಅಲ್ಲಿ ಈಗ ಪಾಠ ಹೇಳುವವರು ದರ್ಜಿಯ ಹೆಂಡತಿಯೇ. ಮೇಡಂ ಅವರ ಕೈಮಾತು ಬಾಯಿ ತುಂಬ ಬಿಸಿ ತುತ್ತು ಇಟ್ಟುಕೊಂಡು ಮಾತಾಡಿದಂತಿದೆ, ಅದು ನೆಟ್ಟಗಾಗಲು ಇನ್ನೂ ಬಹಳ ವರ್ಷ ಬೇಕು ಎಂಬುದು ಆಕೆಯ ಖಚಿತ ಅಭಿಪ್ರಾಯ. ಅಷ್ಟೂ ವರ್ಷಗಳು, ಒಂದೂ ಕಡಿಮೆಯಾಗದಂತೆ, ಆರೋಗ್ಯಸಹಿತವಾಗಿ ಮೇಡಂ ಅವರಿಗೆ ದೊರೆಯಲೆಂದು ನಾವೆಲ್ಲರೂ ಹಾರೈಸುತ್ತೇವೆ.